ನಡುಗುವ ಎದೆಗೊಂದು ಹೊದಿಕೆ

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.





ಊರಿಗೆ ಫೋನ್ ಮಾಡಿದಾಗ ಹಿರಿಯರು ನಮ್ಮ ಊರಿನ ಹೆಸರು ಹಿಡಿದು ತಮಾಷೆ ಮಾಡುವುದುಂಟು: “ನೋವೈಯಲ್ಲಿ ಇದ್ದೀರಿ, ನೋವೇನೂ ಇಲ್ಲ ತಾನೇ?” ನಾವು ನಗುತ್ತೇವೆ. “ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದೇವೆ” ಎನ್ನುತ್ತೇವೆ. ಇಫ್ತಾರಿನ ಸಾಲಿನಲ್ಲಿ ಕುಳಿತಾಗಲೂ ಅದೇ ಉತ್ತರ. ಆ ಉತ್ತರ ಸುಳ್ಳಲ್ಲ. ಆದರೆ ನಮ್ಮಲ್ಲಿ ಕೆಲವರು ಆ ಮಾತಿನ ಹಿಂದೆ ಇನ್ನೊಂದನ್ನು ಬಚ್ಚಿಟ್ಟುಕೊಂಡಿರುತ್ತಾರೆ.

ಐ-96 ಹೆದ್ದಾರಿಯಲ್ಲಿ ಕಾರು ಓಡಿಸುತ್ತಿರುವಾಗ ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳುಗಳು ಜುಮುಜುಮು ಎನ್ನುತ್ತವೆ. ಮ್ಯಾನೇಜರ್ ವಿಷಯ ಬರೆಯದೆ ಮೀಟಿಂಗ್‌ಗೆ ಕರೆದರೆ ಹೊಟ್ಟೆ ಕಲಕುತ್ತದೆ. ಗೋದಾಮಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರಿಗೆ ಇನ್ನೇನು ನಿದ್ರೆ ಹತ್ತಬೇಕು, ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ. ತರಾವೀಹ್‌ನ ಸಫ್‌ನಲ್ಲಿ ನಿಂತವರಿಗೆ ತಲೆ ತಿರುಗಿ, ಇಲ್ಲೇ ಬಿದ್ದುಬಿಡುತ್ತೇನೋ ಎನಿಸುತ್ತದೆ. ಕೆಲವರಿಗೆ ಗಂಟಲಲ್ಲಿ ಉಂಡೆ ಸಿಕ್ಕಿದಂತೆ, ಕೆಲವರಿಗೆ ಕುತ್ತಿಗೆಯಿಂದ ಭುಜದವರೆಗೆ ಬಿಗಿತ, ಕೆಲವರಿಗೆ ಎಷ್ಟು ಗುಳಿಗೆ ನುಂಗಿದರೂ ಇಳಿಯದ ‘ಗ್ಯಾಸ್’.

ಡಾಕ್ಟರ ಬಳಿ ಹೋಗುತ್ತಾರೆ. ಇಸಿಜಿ ಸರಿ ಇದೆ, ರಕ್ತಪರೀಕ್ಷೆ ಸರಿ ಇದೆ. “ಇದು ಆತಂಕದಿಂದ ಬಂದದ್ದು” ಎಂದು ಡಾಕ್ಟರ್ ಹೇಳಿ ಕಳಿಸುತ್ತಾರೆ. ಮನೆಗೆ ಬರುವ ದಾರಿಯಲ್ಲಿ ಎರಡು ಪ್ರಶ್ನೆಗಳು ಜೊತೆಗೆ ಬರುತ್ತವೆ. ಎಲ್ಲವೂ ಸರಿ ಇದ್ದರೆ ನನಗಾಗುತ್ತಿರುವ ಈ ನೋವು ಸುಳ್ಳೇ? ಅಲ್ಲಾಹನ ಮೇಲೆ ಭರವಸೆ ಇಟ್ಟವನಿಗೆ ಹೀಗಾಗಬಹುದೇ, ನನ್ನ ಈಮಾನ್ ಅಷ್ಟು ದುರ್ಬಲವೇ?

ಮೊದಲ ಪ್ರಶ್ನೆ ದೇಹದ್ದು, ಎರಡನೆಯದು ದೀನಿನದು. ಎರಡಕ್ಕೂ ಉತ್ತರ ಹುಡುಕುವುದೇ ಈ ಬರಹದ ಉದ್ದೇಶ. ನಾನು ಆಲಿಮ್ ಅಲ್ಲ, ವೈದ್ಯನೂ ಅಲ್ಲ, ಲೆಕ್ಕ ಬರೆದು ಬದುಕುವವನು. ಇಲ್ಲಿರುವುದು ಮದ್ರಸದಲ್ಲಿ ಕಲಿತದ್ದು ಮತ್ತು ವೈದ್ಯಶಾಸ್ತ್ರದಲ್ಲಿ ಎಲ್ಲರೂ ಒಪ್ಪಿದ್ದು. ನಿಮ್ಮ ನಿಮ್ಮ ಸ್ಥಿತಿಯ ಬಗ್ಗೆ ಫಿಕ್ಹ್ ವಿಷಯವನ್ನು ಇಮಾಮರಲ್ಲಿ, ಔಷಧದ ವಿಷಯವನ್ನು ಡಾಕ್ಟರಲ್ಲಿ ಕೇಳಿಕೊಳ್ಳಿ.

ಹಿರಾದಿಂದ ಇಳಿದು ಬಂದ ಆ ಹೊತ್ತು

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ನಾವೀಗ ಇರುವ ಈ ತಿಂಗಳಲ್ಲೇ ಕುರ್‌ಆನ್‌ನ ಅವತೀರ್ಣ ಆರಂಭವಾಯಿತು. ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಬಂದ ಮೇಲೆ ಪ್ರವಾದಿವರ್ಯರು(ಸ) ಹೇಗೆ ಮನೆಗೆ ಬಂದರು ಎಂಬುದನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಸಹೀಹುಲ್ ಬುಖಾರಿಯ ಮೊದಲ ಅಧ್ಯಾಯದಲ್ಲೇ ಆ ಹದೀಸ್ ಇದೆ. ಅವರ ಹೃದಯ ಕಂಪಿಸುತ್ತಿತ್ತು. ತನಗೆ ಹೊದಿಸಿರೆಂದು ಅವರು ಮನೆಯವರನ್ನು ಕೇಳಿಕೊಂಡರು. ತನ್ನ ಬಗ್ಗೆಯೇ ತನಗೆ ಭಯವಾಗಿದೆ ಎಂದು ಹ. ಖದೀಜಾ(ರ) ಅವರಲ್ಲಿ ಹೇಳಿಕೊಂಡರು.

ಸ್ವಲ್ಪ ನಿಂತು ಯೋಚಿಸಿ. ಸೃಷ್ಟಿಗಳಲ್ಲೇ ಶ್ರೇಷ್ಠರಾದವರ ದೇಹ ನಡುಗಿತು. ಆ ನಡುಕವನ್ನು ಅವರು ಮುಚ್ಚಿಡಲಿಲ್ಲ. ಸಹಾಬಿಗಳೂ ಹದೀಸ್ ವಿದ್ವಾಂಸರೂ ಅದನ್ನು ಮುಚ್ಚಿಡಲಿಲ್ಲ. ಅದರಲ್ಲಿ ಅವಮಾನವೇನಾದರೂ ಇದ್ದಿದ್ದರೆ ಅದು ನಮ್ಮ ಅತ್ಯಂತ ವಿಶ್ವಾಸಾರ್ಹ ಗ್ರಂಥದ ಆರಂಭದಲ್ಲೇ ಇರುತ್ತಿತ್ತೇ?

ಕುರ್‌ಆನ್‌ನಲ್ಲೂ ಇಂಥ ಚಿತ್ರಗಳಿವೆ. ಸೂರಃ ಅಲ್-ಅಹ್‌ಝಾಬ್‌ನ 10ನೇ ವಚನವನ್ನು ನೋಡಿ. ಶತ್ರುಸೇನೆ ಮದೀನವನ್ನು ಮುತ್ತಿದಾಗ ಸತ್ಯವಿಶ್ವಾಸಿಗಳ ಕಣ್ಣುಗಳು ಕದಡಿ ಹೃದಯಗಳು ಗಂಟಲಿಗೆ ಬಂದಿದ್ದವೆಂದು ಅಲ್ಲಾಹನು ವಿವರಿಸುತ್ತಾನೆ. ನಮ್ಮ ಕನ್ನಡದಲ್ಲೂ ‘ಜೀವ ಬಾಯಿಗೆ ಬಂತು’ ಎನ್ನುತ್ತೇವಲ್ಲ, ಅದೇ ಅನುಭವ. ಫಿರ್‌ಔನನ ಬಳಿಗೆ ಹೋಗುವಂತೆ ಆಜ್ಞೆಯಾದಾಗ ಹ. ಮೂಸಾ(ಅ) ತನ್ನ ಎದೆ ಬಿಗಿಯುತ್ತದೆ, ನಾಲಿಗೆ ಹೊರಳುವುದಿಲ್ಲ ಎಂದು ಅಲ್ಲಾಹನಲ್ಲೇ ಹೇಳಿಕೊಂಡರು, ಜೊತೆಗೆ ಸಹೋದರ ಹಾರೂನರ(ಅ) ಸಹಾಯವನ್ನು ಕೇಳಿದರು. ಸೂರಃ ಯೂಸುಫ್‌ನಲ್ಲಿ ಹ. ಯಾಕೂಬ್(ಅ) ಅವರ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎಂದಿದೆ. ಅವರು ಸುಂದರ ಸಹನೆಯ ಮಾತಾಡಿದವರು. ಆ ಸಹನೆ ಇದ್ದೂ ಮನಸ್ಸಿನ ಭಾರವನ್ನು ದೇಹ ಹೊತ್ತುಕೊಂಡಿತು.

ಹಾಗಾದರೆ ನಿಮ್ಮ ಎದೆ ಹೊಡೆದುಕೊಂಡರೆ ಅದು ಈಮಾನ್ ಹೋದುದರ ಗುರುತಲ್ಲ. ಸೂರಃ ಅಲ್-ಬಕರಃದ 155ನೇ ವಚನದಲ್ಲಿ ಅಲ್ಲಾಹನು ತನ್ನ ದಾಸರನ್ನು ಯಾವುದರಿಂದ ಪರೀಕ್ಷಿಸುವೆನೆಂದು ಹೇಳುವಾಗ ಎಲ್ಲಕ್ಕಿಂತ ಮೊದಲು ಭಯದ ಹೆಸರು ಬರುತ್ತದೆ, ಹಸಿವು, ಸೊತ್ತಿನ ನಷ್ಟ ಅದರ ನಂತರ. ಪರೀಕ್ಷೆಗೆ ಕೂತವನನ್ನು ಫೇಲಾದವನೆಂದು ಯಾರೂ ಕರೆಯುವುದಿಲ್ಲ.

ದೇಹ ಸುಳ್ಳು ಹೇಳುತ್ತಿಲ್ಲ

ಈಗ ಮೊದಲ ಪ್ರಶ್ನೆ. ನೋವು ಸುಳ್ಳೇ? ಅಲ್ಲ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದರೆ ಅಂಗಕ್ಕೆ ಹಾನಿಯಾಗಿಲ್ಲ ಎಂದರ್ಥ, ನೋವಾಗುತ್ತಿಲ್ಲ ಎಂದಲ್ಲ.

ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ಅಲ್ಲಾಹನು ನಮ್ಮ ದೇಹದಲ್ಲಿ ಒಂದು ವ್ಯವಸ್ಥೆ ಇಟ್ಟಿದ್ದಾನೆ. ಹಾರ್ವರ್ಡ್‌ನ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಮೂತ್ರಪಿಂಡಗಳ ಮೇಲೆ ಕೂತಿರುವ ಸಣ್ಣ ಗ್ರಂಥಿಗಳು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿದು ರಕ್ತವನ್ನು ಕೈಕಾಲಿನ ಸ್ನಾಯುಗಳಿಗೆ ಕಳಿಸುತ್ತದೆ. ಜೀರ್ಣಕ್ರಿಯೆ ತಾತ್ಕಾಲಿಕವಾಗಿ ನಿಧಾನವಾಗುತ್ತದೆ, ಅದರಿಂದ ಹೊಟ್ಟೆಯಲ್ಲಿ ಸಂಕಟ. ಸ್ನಾಯುಗಳು ಸಿದ್ಧವಾಗಿ ಬಿಗಿಯುತ್ತವೆ, ಅದರಿಂದ ಎದೆ, ಕುತ್ತಿಗೆ, ದವಡೆಯ ನೋವು. ಮೈ ಬೆವರುತ್ತದೆ. ಉಸಿರು ಬೇಗಬೇಗ ಆಡುತ್ತದೆ. ಹಾಗೆ ಬೇಗ ಆಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರವಾಗುತ್ತದೆ, ತುಟಿ ಬೆರಳು ಜುಮ್ಮೆನ್ನುತ್ತವೆ, ಉಸಿರು ಸಾಲದು ಎಂಬ ಭಾವನೆ ಬರುತ್ತದೆ.

ಎದುರಿಗೆ ಹುಲಿ ಬಂದಿದ್ದರೆ ಇದೆಲ್ಲ ನಮ್ಮ ಪ್ರಾಣ ಉಳಿಸುತ್ತಿತ್ತು. ಆದರೆ ಎದುರಿಗಿರುವುದು ಇಮೇಲ್. ಓಡಿ ತಪ್ಪಿಸಿಕೊಳ್ಳುವಂಥದ್ದಲ್ಲ, ಹೊಡೆದು ಮುಗಿಸುವಂಥದ್ದೂ ಅಲ್ಲ. ಎದ್ದ ಬೆಂಕಿಗೆ ಹೊರದಾರಿ ಸಿಗದೆ ಅದು ಒಳಗೇ ಉರಿಯುತ್ತದೆ.

ಆಮೇಲೆ ಒಂದು ಚಕ್ರ ಶುರುವಾಗುತ್ತದೆ. ಎದೆ ಹೊಡೆದುಕೊಂಡಿತು, “ಹಾರ್ಟ್ ಅಟ್ಯಾಕ್ ಇರಬೇಕು” ಎಂದು ಹೆದರಿದಿರಿ. ಆ ಹೆದರಿಕೆಯಿಂದ ಇನ್ನಷ್ಟು ಅಡ್ರಿನಾಲಿನ್, ಅದರಿಂದ ಎದೆ ಇನ್ನೂ ಜೋರು. ಮರುದಿನ ಆ ಹೆದ್ದಾರಿಯ ಹೆಸರು ಕೇಳಿದರೇ ಮೈ ಬೆವರುತ್ತದೆ. ಹೀಗೆ ತೀವ್ರವಾಗಿ ಬರುವುದನ್ನು ಡಾಕ್ಟರುಗಳು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಏರಿದ ಅಲೆ ಇಳಿಯಲೇಬೇಕು. ಇದನ್ನು ತಿಳಿದುಕೊಂಡರೇ ಅರ್ಧ ಭಾರ ಕಡಿಮೆ.

ಮೊದಲು ಹೊದಿಕೆ

ಹ. ಖದೀಜಾ(ರ) ಆ ದಿನ ಮಾಡಿದ್ದನ್ನು ಕ್ರಮವಾಗಿ ನೋಡಿದರೆ ನಮಗೆ ಮೂರು ಹೆಜ್ಜೆಗಳು ಸಿಗುತ್ತವೆ. ಮೊದಲನೆಯದು ಹೊದಿಕೆ. ಭಯ ಇಳಿಯುವವರೆಗೆ ಹೊದಿಸಲಾಯಿತು ಎಂದು ಹದೀಸ್ ಹೇಳುತ್ತದೆ. ಪ್ರಶ್ನೆಗಳಿಲ್ಲ, ಉಪದೇಶವಿಲ್ಲ. ನಡುಗುತ್ತಿರುವ ದೇಹಕ್ಕೆ ಮೊದಲು ಬೇಕಾದದ್ದು ಆಸರೆ.

ನಿಮ್ಮ ದೇಹಕ್ಕೂ ಮೊದಲು ಅದನ್ನೇ ಕೊಡಿ. ಕಾರಿನಲ್ಲಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕುಳಿತುಕೊಳ್ಳಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾಗಿರಲಿ, ಏಕೆಂದರೆ ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುತ್ತದೆ. ಹತ್ತು ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ ಆರು. ಐದು ನಿಮಿಷ ಹೀಗೆ ಮಾಡಿ. ಹೊರಬಿಡುವ ಉಸಿರಿನೊಂದಿಗೆ ‘ಹಸ್ಬುನಲ್ಲಾಹು’ ಎಂದೋ ‘ಯಾ ಸಲಾಮ್’ ಎಂದೋ ನಿಧಾನವಾಗಿ ಹೇಳಿಕೊಳ್ಳಿ. ತರ್ತೀಲಿನಿಂದ, ಅವಸರವಿಲ್ಲದೆ ಕುರ್‌ಆನ್ ಪಾರಾಯಣ ಮಾಡುವವರಿಗೆ ಈ ಉದ್ದ ಉಸಿರು ತಾನಾಗಿಯೇ ಅಭ್ಯಾಸವಾಗಿರುತ್ತದೆ.

ತಣ್ಣೀರಿನಲ್ಲಿ ವುಝೂ ಮಾಡಿ. ಮುಖಕ್ಕೆ ತಣ್ಣೀರು ತಾಗಿದಾಗ ಹೃದಯದ ವೇಗ ಇಳಿಯುವುದು ದೇಹದ ಸಹಜ ಗುಣ. ಕೋಪ ಬಂದಾಗ ನಿಂತವನು ಕುಳಿತುಕೊಳ್ಳಲಿ, ಅದರಿಂದಲೂ ಇಳಿಯದಿದ್ದರೆ ಮಲಗಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ಅಬೂದಾವೂದ್‌ನಲ್ಲಿದೆ. ಮನಸ್ಸನ್ನು ಇಳಿಸಲು ದೇಹದ ಭಂಗಿಯನ್ನು ಬದಲಿಸುವುದು ನಮಗೆ ಹೊಸ ವಿಷಯವಲ್ಲ.

ಸ್ನಾಯುಗಳ ಬಿಗಿತಕ್ಕೆ ಇನ್ನೊಂದು ಉಪಾಯವನ್ನು ನಮ್ಮ ನೆರೆಯ ಚಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮಲಗಿ, ಪಾದದ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು ಸಡಿಲ ಬಿಡಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಕೈ, ಭುಜ, ಮುಖ. ಬಿಗಿತ ಮತ್ತು ಸಡಿಲದ ವ್ಯತ್ಯಾಸವನ್ನು ದೇಹ ಕಲಿಯುತ್ತದೆ. ರಾತ್ರಿ ಮಲಗುವ ಮುನ್ನ ಪ್ರತಿದಿನ ಮಾಡಿ. ಇದು ಒಂದೇ ದಿನದ ಮದ್ದಲ್ಲ.

ಆಮೇಲೆ ನೆನಪು

ಭಯ ಇಳಿದ ಮೇಲೆ ಹ. ಖದೀಜಾ(ರ) ಮಾತಾಡಿದರು. ಅಲ್ಲಾಹನು ನಿಮ್ಮನ್ನು ಎಂದೂ ಅಪಮಾನಗೊಳಿಸಲಾರ ಎಂದು ಧೈರ್ಯ ಹೇಳಿ ಅದಕ್ಕೆ ಪುರಾವೆಗಳನ್ನೂ ಕೊಟ್ಟರು: ನೀವು ಬಂಧುಗಳ ಸಂಬಂಧ ಕಾಪಾಡುತ್ತೀರಿ, ನಿರ್ಬಲರ ಭಾರ ಹೊರುತ್ತೀರಿ, ಅತಿಥಿಗಳನ್ನು ಸತ್ಕರಿಸುತ್ತೀರಿ. ಅವರು ‘ಹೆದರಬೇಡಿ’ ಎಂಬ ಮಾತಿಗೆ ನಿಲ್ಲಲಿಲ್ಲ. ಹೆದರಿದ ಮನಸ್ಸಿಗೆ ಕಾಣದೇ ಹೋಗಿದ್ದ ಸತ್ಯಗಳನ್ನು ಎದುರಿಗಿಟ್ಟರು.

ಆತಂಕ ಲೆಕ್ಕದ ಒಂದೇ ಬದಿಯನ್ನು ತೋರಿಸುತ್ತದೆ. ಖರ್ಚಿನ ಕಾಲಂ ಮಾತ್ರ ಓದಿದರೆ ಎಂಥ ವ್ಯಾಪಾರವೂ ದಿವಾಳಿಯಂತೆ ಕಾಣುತ್ತದೆ. ಆದ್ದರಿಂದ ಇನ್ನೊಂದು ಬದಿಯನ್ನೂ ಬರೆಯಿರಿ. ಎದೆ ಹೊಡೆದುಕೊಂಡಾಗ, “ಇದು ಹಿಂದೆಯೂ ಬಂದಿತ್ತು, ಇಳಿದು ಹೋಯಿತು, ಡಾಕ್ಟರ್ ನೋಡಿದ್ದಾರೆ, ಹೃದಯ ಗಟ್ಟಿ ಇದೆ, ಇದು ಅಡ್ರಿನಾಲಿನ್, ಅಲೆ ಇಳಿಯುತ್ತದೆ” ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಮೊದಲೇ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಭಯದ ಹೊತ್ತಿನಲ್ಲಿ ಒಳ್ಳೆಯ ಮಾತು ನೆನಪಿಗೆ ಬರುವುದಿಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್-ಬಲ್ಖಿ ಎಂಬ ಮುಸ್ಲಿಮ್ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥ ಬರೆದರು. ದೇಹಕ್ಕೆ ತುರ್ತಿಗೆಂದು ಔಷಧ ಸಂಗ್ರಹಿಸಿ ಇಡುವಂತೆ ಮನಸ್ಸಿಗೂ ಆರೋಗ್ಯಕರ ವಿಚಾರಗಳನ್ನು ಮುಂಚಿತವಾಗಿ ಸಂಗ್ರಹಿಸಿ ಇಡಬೇಕೆಂಬುದು ಅವರ ಸಲಹೆಯಾಗಿತ್ತು. ನಮ್ಮ ಹಿರಿಯರು ಸಾವಿರ ವರ್ಷದ ಹಿಂದೆಯೇ ಇದನ್ನು ಯೋಚಿಸಿದ್ದರು.

ಇನ್ನೊಂದು ಎಚ್ಚರ. ಹೆದರಿದ ಜಾಗವನ್ನು ಬಿಟ್ಟುಬಿಡುವುದು ಸುಲಭ, ಆದರೆ ಬಿಟ್ಟಷ್ಟೂ ಭಯ ಬೆಳೆಯುತ್ತದೆ. ಹೆದ್ದಾರಿ ಬೇಡ, ಆಮೇಲೆ ಕಾರೇ ಬೇಡ, ಆಮೇಲೆ ಜುಮಾ ಸಫ್‌ನ ಮಧ್ಯೆ ನಿಲ್ಲುವುದೂ ಬೇಡ ಎಂಬಲ್ಲಿಗೆ ಮುಟ್ಟುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿ. ಈ ವಾರ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಎಕ್ಸಿಟ್‌ನಷ್ಟು ದೂರ, ಮುಂದಿನ ವಾರ ಎರಡು. ಮಸೀದಿಯಲ್ಲಿ ಮೊದಲು ಬಾಗಿಲ ಬಳಿಯ ಸಫ್, ಆಮೇಲೆ ಮುಂದೆ. ರಾತ್ರಿಯಿಡೀ ಫೋನಿನಲ್ಲಿ ರೋಗಲಕ್ಷಣ ಹುಡುಕುವುದನ್ನೂ, ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದನ್ನೂ ನಿಲ್ಲಿಸಿ. ಅದು ಬೆಂಕಿಗೆ ಕಟ್ಟಿಗೆ ಹಾಕಿದಂತೆ.

ನಂತರ ಬಲ್ಲವರ ಬಳಿಗೆ

ಮೂರನೆಯ ಹೆಜ್ಜೆಯನ್ನು ನಾವು ಸುಲಭವಾಗಿ ಮರೆಯುತ್ತೇವೆ. ಹ. ಖದೀಜಾ(ರ) ತಮ್ಮ ಸಾಂತ್ವನ ಸಾಕೆಂದು ಬಿಡಲಿಲ್ಲ. ಗ್ರಂಥಜ್ಞಾನವಿದ್ದ ವರಕಃ ಬಿನ್ ನೌಫಲ್‌ರ ಬಳಿಗೆ ಪ್ರವಾದಿವರ್ಯರನ್ನು(ಸ) ಕರೆದೊಯ್ದರು. ತಾವೇ ಜೊತೆಗೆ ಹೋದರು.

ಆದ್ದರಿಂದ ದೇಹದ ತೊಂದರೆಯನ್ನು ಆತಂಕವೆಂದು ನೀವೇ ತೀರ್ಮಾನಿಸಬೇಡಿ. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆಯಿದ್ದರೂ, ಸಕ್ಕರೆ ಇಳಿದರೂ ಎದೆ ಹೊಡೆದುಕೊಳ್ಳುತ್ತದೆ. ಭಾರತ ಉಪಖಂಡದವರಾದ ನಮಗೆ ಹೃದ್ರೋಗ ಚಿಕ್ಕ ವಯಸ್ಸಿನಲ್ಲೇ ಬರುವ ಸಾಧ್ಯತೆ ಹೆಚ್ಚು. ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ಎದೆಯ ಮೇಲೆ ಕಲ್ಲು ಹೇರಿದಂಥ ನೋವು ತೋಳಿಗೋ ದವಡೆಗೋ ಹರಡಿದರೆ, ಜೊತೆಗೆ ತಣ್ಣನೆ ಬೆವರು, ಏದುಸಿರು, ಪ್ರಜ್ಞೆ ತಪ್ಪುವುದು ಇದ್ದರೆ ಯೋಚಿಸುತ್ತಾ ಕೂರಬೇಡಿ, 911ಕ್ಕೆ ಕರೆ ಮಾಡಿ. ಉಪವಾಸ ಮುರಿಯಬೇಕಾದರೆ ಮುರಿಯಿರಿ. ಜೀವ ಉಳಿಸುವುದು ದೀನಿನ ಆದೇಶ.

ಪರೀಕ್ಷೆಯಲ್ಲಿ ಬೇರೆ ಕಾರಣ ಸಿಗದೆ, ತೊಂದರೆ ವಾರಗಟ್ಟಲೆ ನಡೆದು ಕೆಲಸ, ನಿದ್ರೆ, ನಮಾಝ್‌ಗೆ ಅಡ್ಡಿಯಾಗುತ್ತಿದ್ದರೆ ಆತಂಕಕ್ಕೇ ಚಿಕಿತ್ಸೆ ಇದೆ. ಆಲೋಚನೆ ಮತ್ತು ವರ್ತನೆಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಔಷಧಗಳೂ ಇವೆ. ಅಲ್ಲಾಹನು ರೋಗವನ್ನು ಇಳಿಸಿದಂತೆ ಮದ್ದನ್ನೂ ಇಳಿಸಿದ್ದಾನೆ, ಚಿಕಿತ್ಸೆ ಮಾಡಿಕೊಳ್ಳಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಅದರಲ್ಲಿ ಮನಸ್ಸಿನ ರೋಗಕ್ಕೆ ವಿನಾಯಿತಿ ಇಲ್ಲ. 1154ರಲ್ಲಿ ನೂರುದ್ದೀನ್ ಝಂಗಿ ದಮಾಸ್ಕಸ್‌ನಲ್ಲಿ, 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಆರೈಕೆ ಇತ್ತು. ಕುರ್‌ಆನ್ ಓದಿ ಊದಿಕೊಳ್ಳುವುದು ಸುನ್ನತ್, ಮಾಡಿ. ಆದರೆ ಜಿನ್ನ್ ಹಿಡಿದಿದೆ, ಕಣ್ಣು ತಾಗಿದೆ ಎಂದು ಹೆದರಿಸಿ ಊರಿನಿಂದಲೇ ನೂಲು, ತಗಡು ಕಳಿಸಿ ಹಣ ಕೇಳುವವರ ಕೈಗೆ ಸಿಕ್ಕಬೇಡಿ.

ನಮ್ಮವರೇ ನಡೆಸುವ ಸಂಸ್ಥೆಗಳು ಹತ್ತಿರದಲ್ಲಿವೆ. 2010ರಲ್ಲಿ ಚಿಕಾಗೋ ಪ್ರದೇಶದಲ್ಲಿ ಆರಂಭವಾದ ಖಲೀಲ್ ಸೆಂಟರ್ ಇಸ್ಲಾಮೀ ದೃಷ್ಟಿಯ ಜೊತೆಗೆ ಮನಶ್ಶಾಸ್ತ್ರದ ಚಿಕಿತ್ಸೆ ಕೊಡುತ್ತದೆ. ಡಿಯರ್‌ಬಾರ್ನ್‌ನಲ್ಲಿ 1971ರಿಂದ ಇರುವ ಆಕ್ಸೆಸ್ ಸಂಸ್ಥೆಯಲ್ಲಿ ಮಾನಸಿಕ ಆರೋಗ್ಯದ ಸೇವೆ ಇದೆ. ಬದುಕೇ ಬೇಡ ಎನಿಸುವ ಹೊತ್ತಿನಲ್ಲಿ ಹಗಲಾಗಲಿ ರಾತ್ರಿಯಾಗಲಿ 988ಕ್ಕೆ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಊರಿನಲ್ಲಿರುವ ತಂದೆತಾಯಿಗೋ ತಮ್ಮನಿಗೋ ಇಂಥ ತೊಂದರೆ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ತಿಳಿಸಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹಣದ ವಿಷಯ. ಅನೇಕ ಕಂಪನಿಗಳಲ್ಲಿ ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ ಎಂಬುದಿದೆ, ಕೆಲವು ಭೇಟಿಗಳು ಉಚಿತ, ಮಾತಾಡಿದ್ದು ಮ್ಯಾನೇಜರಿಗೆ ಹೋಗುವುದಿಲ್ಲ. ಲಾಭರಹಿತ ಆಸ್ಪತ್ರೆಗಳು ಬಡವರಿಗೆ ಬಿಲ್ಲು ಕಡಿಮೆ ಮಾಡುವ ಲಿಖಿತ ನಿಯಮ ಇಟ್ಟುಕೊಂಡಿರಲೇಬೇಕೆಂದು ಈ ದೇಶದ ಕಾನೂನಿದೆ. ಬಿಲ್ಲು ಬಂದರೆ ಹೆದರಿ ಡ್ರಾಯರಿಗೆ ಹಾಕಬೇಡಿ, ಫೋನ್ ಮಾಡಿ ‘ಫೈನಾನ್ಶಿಯಲ್ ಅಸಿಸ್ಟೆನ್ಸ್’ ಅರ್ಜಿ ಕೇಳಿ. ಚಿಕಿತ್ಸೆ ಪಡೆದರೆ ಗ್ರೀನ್ ಕಾರ್ಡ್ ನಿಂತುಹೋಗುತ್ತದೆ ಎಂಬ ಹೆದರಿಕೆಯೂ ನಮ್ಮಲ್ಲಿದೆ. ಮನಸ್ಸಿನ ತೊಂದರೆಯ ವಿಷಯದಲ್ಲಿ ಆ ವೈದ್ಯಕೀಯ ಪರೀಕ್ಷೆ ನೋಡುವುದು ತನಗೆ ಅಥವಾ ಇತರರಿಗೆ ಅಪಾಯವಾಗುವ ವರ್ತನೆ ಇದೆಯೇ ಎಂಬುದನ್ನು. ಆತಂಕಕ್ಕೆ ಮಾತ್ರೆ ತೆಗೆದುಕೊಂಡ ಮಾತ್ರಕ್ಕೆ ಯಾರನ್ನೂ ತಡೆಯುವುದಿಲ್ಲ.

ಉಪವಾಸದ ತಿಂಗಳ ಎಚ್ಚರ

ರಮಝಾನಿನಲ್ಲಿ ಕೆಲವು ಅಭ್ಯಾಸಗಳೇ ಆತಂಕದಂಥ ಲಕ್ಷಣಗಳನ್ನು ತರುತ್ತವೆ. ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿಯುವವರು ಹಠಾತ್ತನೆ ಬಿಟ್ಟರೆ ತಲೆನೋವು, ಕಿರಿಕಿರಿ. ಇಫ್ತಾರ್ ಆದ ಕೂಡಲೇ ಎರಡು ಕಪ್ ಗಟ್ಟಿ ಕಾಫಿ ಕುಡಿದರೆ ತರಾವೀಹ್‌ನಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಸುಮಾರು ಐದು ಗಂಟೆ ಕಳೆದರೂ ದೇಹದಲ್ಲೇ ಇರುತ್ತದೆ, ನಿದ್ರೆಯೂ ಹೋಗುತ್ತದೆ. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಸಮೋಸ, ಪಕೋಡಗಳಿಂದ ಹೊಟ್ಟೆ ತುಂಬಿಸಿದರೆ ಎದೆಯುರಿ, ಅದನ್ನೇ ಹೃದಯದ ನೋವೆಂದು ಹೆದರುತ್ತೇವೆ. ಖರ್ಜೂರ, ನೀರು, ನಮ್ಮ ಕರಾವಳಿಯ ಮಸೀದಿಗಳಲ್ಲಿ ಕೊಡುವಂಥ ಗಂಜಿ, ಇಷ್ಟರಿಂದ ಆರಂಭಿಸಿ. ಬಾರ್ಲಿಯ ಗಂಜಿ ರೋಗಿಯ ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ದುಃಖವನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ.

ಸಹರಿ ಬಿಡಬೇಡಿ, ಅದರಲ್ಲಿ ಬರಕತ್ ಇದೆ. ಇಫ್ತಾರಿನಿಂದ ಸಹರಿಯವರೆಗೆ ಆಗಾಗ ನೀರು ಕುಡಿಯಿರಿ. ನಿದ್ರೆಗೂ ಪಾಲು ಕೊಡಿ. ಇರುಳಿಡೀ ನಮಾಝ್, ಹಗಲಿಡೀ ಉಪವಾಸವೆಂದು ನಿಂತಿದ್ದ ಹ. ಅಬುದ್ದರ್ದಾ(ರ) ಅವರಿಗೆ ಹ. ಸಲ್ಮಾನ್(ರ), ನಿಮ್ಮ ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೂ ಮನೆಯವರಿಗೂ ಹಕ್ಕಿದೆ ಎಂದು ತಿಳಿಹೇಳಿದರು. ಸಲ್ಮಾನ್ ಹೇಳಿದ್ದು ನಿಜವೆಂದು ಪ್ರವಾದಿವರ್ಯರು(ಸ) ಒಪ್ಪಿದರು. ರಾತ್ರಿ ಪಾಳಿಯ ಸಹೋದರರೇ, ಎಂಟು ರಕಅತ್ ನಮಾಝ್ ಮಾಡಿ ಮಲಗಿದರೆ ನಿಮ್ಮ ರಮಝಾನ್ ಕೆಡುವುದಿಲ್ಲ.

ಆತಂಕಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಉಪವಾಸವೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಅಪಾಯ. ದಿನಕ್ಕೊಂದೇ ಮಾತ್ರೆಯಾದರೆ ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಉಪವಾಸದಿಂದ ರೋಗ ಹೆಚ್ಚುತ್ತದೆ ಎಂದು ಡಾಕ್ಟರ್ ಹೇಳಿದರೆ ಇಮಾಮರನ್ನು ಕಾಣಿ. ಸೂರಃ ಅಲ್-ಬಕರಃದ 184 ಮತ್ತು 185ನೇ ವಚನಗಳಲ್ಲಿ ರೋಗಿಗೆ ರಿಯಾಯಿತಿ ಕೊಟ್ಟು, ತಾನು ನಿಮಗೆ ಸುಲಭವನ್ನು ಬಯಸುತ್ತೇನೆ, ಕಷ್ಟವನ್ನಲ್ಲ ಎಂದು ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ. ಅವನು ಕೊಟ್ಟ ರಿಯಾಯಿತಿಯನ್ನು ತೆಗೆದುಕೊಳ್ಳಲು ನಾಚಿಕೆ ಏಕೆ?

ಅರವತ್ತು ದಿನಗಳ ಲೆಕ್ಕ

ಇಲ್ಲಿ ದುಡಿಯುವವರ ಆತಂಕಕ್ಕೆ ಒಂದು ಹೆಸರಿದೆ: ಅರವತ್ತು ದಿನ. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ 2017ರಿಂದ ಜಾರಿಯಲ್ಲಿರುವ ನಿಯಮದಂತೆ ಸಿಗುವುದು ಗರಿಷ್ಠ 60 ದಿನ, ಐ-94ರ ಅವಧಿ ಅದಕ್ಕಿಂತ ಮೊದಲೇ ಮುಗಿದರೆ ಅಷ್ಟೇ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಅಥವಾ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಮನೆಯ ಸಾಲ, ಮಕ್ಕಳ ಶಾಲೆ, ಊರಿಗೆ ಕಳಿಸಬೇಕಾದ ಹಣ ಎಲ್ಲವೂ ಆ ಅರವತ್ತರೊಳಗೆ. ಕೆಲಸ ಹೋಗದಿದ್ದರೂ ಎಷ್ಟೋ ಜನ ಪ್ರತಿ ರಾತ್ರಿ ಆ ಅರವತ್ತು ದಿನಗಳನ್ನು ಎಣಿಸಿ ಮುಗಿಸುತ್ತಾರೆ. ಕಾರು ಉದ್ಯಮದ ಏರಿಳಿತ ಈ ಪ್ರದೇಶಕ್ಕೆ ಹೊಸತಲ್ಲ. 2009ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದ್ದನ್ನು ಕಂಡವರು ನಮ್ಮ ನಡುವೆ ಇದ್ದಾರೆ.

ನಮಗಿಂತ ಮೊದಲು ಬಂದವರನ್ನು ನೆನೆಯಿರಿ. ಫೋರ್ಡ್ ಕಾರ್ಖಾನೆಯ ಕೆಲಸಕ್ಕೆ ಬಂದ ವಲಸಿಗರ ನಡುವೆ 1921ರಲ್ಲೇ ಹೈಲ್ಯಾಂಡ್ ಪಾರ್ಕ್‌ನಲ್ಲಿ ಮಸೀದಿ ಎದ್ದಿತ್ತು. ಅವರಿಗಿಂತಲೂ ಮೊದಲು ಹ. ಮೂಸಾ(ಅ) ಇದ್ದರು. ಭಯದಿಂದ ಊರು ಬಿಟ್ಟು, ಮದ್‌ಯನ್‌ಗೆ ಬಂದು, ನೆರಳಲ್ಲಿ ಕುಳಿತು, ತನ್ನ ಪ್ರಭು ಇಳಿಸುವ ಯಾವುದೇ ಒಳಿತಿಗೂ ತಾನು ಬಡವನೆಂದು ಬೇಡಿದರು. ಅಲ್ಲಿನ ಹಿರಿಯರು ಮೊದಲು ಅವರ ಕಥೆ ಕೇಳಿದರು, ಹೆದರಬೇಡವೆಂದರು, ಆಮೇಲೆ ಎಂಟು ವರ್ಷದ ಕೆಲಸದ ಕರಾರು ಆಯಿತು, ಇಷ್ಟವಿದ್ದರೆ ಹತ್ತು. ಸೂರಃ ಅಲ್-ಕಸಸ್‌ನಲ್ಲಿ ಇದನ್ನು ಓದಿದಾಗ ಪರದೇಶದಲ್ಲಿ ದುಡಿಯುವ ಯಾರಿಗೆ ತನ್ನ ಕಥೆ ಕಾಣುವುದಿಲ್ಲ?

ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಲು ತಿರ್ಮಿದಿಯ ಹದೀಸ್ ಕಲಿಸುತ್ತದೆ. ಹಾಗಾದರೆ ಕಟ್ಟಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ನಿಮ್ಮ ಕೈಯಲ್ಲಿರುವುದು: ರೆಸ್ಯೂಮೆ ಸಿದ್ಧವಿಡುವುದು, ಮೂರು ತಿಂಗಳ ಖರ್ಚನ್ನು ಕೂಡಿಡುವುದು, ವಕೀಲರಲ್ಲಿ ಒಮ್ಮೆ ವಿಚಾರಿಸುವುದು. ಎರಡನೆಯದರಲ್ಲಿ ಇತರರಲ್ಲಿ ಕೇಳಬೇಕಾದದ್ದು. ಮೂರನೆಯದರಲ್ಲಿ ಯಾರ ಕೈಯಲ್ಲೂ ಇಲ್ಲದ್ದು. ಮೊದಲೆರಡಕ್ಕೆ ದಿನಾಂಕ ಹಾಕಿ. ಮೂರನೆಯದನ್ನು ದುಆದಲ್ಲಿ ಅಲ್ಲಾಹನಿಗೆ ಒಪ್ಪಿಸಿ. ಇದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ, ಅಸರ್ ಆದ ಮೇಲೆ ಎಂದು ಗೊತ್ತುಮಾಡಿ. ರಾತ್ರಿ ಎರಡು ಗಂಟೆಗೆ ಚಿಂತೆ ಬಂದರೆ “ನಾಳೆ ಅಸರ್ ಆದ ಮೇಲೆ ಬಾ” ಎಂದು ಕಳಿಸಿಬಿಡಿ. ಮೊದಮೊದಲು ಅದು ಹೋಗುವುದಿಲ್ಲ. ಕೆಲವು ದಿನಗಳಲ್ಲಿ ಕಲಿಯುತ್ತದೆ.

ಪ್ರವಾದಿವರ್ಯರು(ಸ) ಹೆಚ್ಚಾಗಿ ಮಾಡುತ್ತಿದ್ದ ಒಂದು ದುಆದಲ್ಲಿ ಮುಂದಿನದರ ಚಿಂತೆ, ಹಿಂದಿನದರ ದುಃಖ, ಸಾಲದ ಭಾರ, ಜನರ ದಬ್ಬಾಳಿಕೆ ಇವುಗಳಿಂದ ಅಭಯ ಕೋರುತ್ತಿದ್ದರು. ದುಡಿಯುವವನ ಎದೆಯ ಭಾರ ಇಷ್ಟೇ ಅಲ್ಲವೇ? ಅದನ್ನು ಅರ್ಥ ತಿಳಿದು ಕಲಿತುಕೊಳ್ಳಿ.

ಜಮಾಅತಿಗೆ ಒಂದು ಮಾತು

ಪಕ್ಕದ ಸಫ್‌ನ ಸಹೋದರ ಬೆವರಿ ಕುಳಿತರೆ, “ಎಲ್ಲ ನಿನ್ನ ತಲೆಯಲ್ಲಿ”, “ನಮಾಝ್ ಜಾಸ್ತಿ ಮಾಡು, ಸರಿಯಾಗುತ್ತದೆ” ಎನ್ನಬೇಡಿ. ಅವನು ಮುಂದೆಂದೂ ಬಾಯಿ ಬಿಡುವುದಿಲ್ಲ. ನೀರು ಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ, ಡಾಕ್ಟರ ಬಳಿಗೆ ಜೊತೆಗೆ ಹೋಗಿ. ಕೆಲಸ ಹೋದವನಿಗೆ ಎರಡು ಕಡೆ ಶಿಫಾರಸು ಮಾಡಿ. ಸಾಲದಲ್ಲಿ ಸಿಕ್ಕವರು ಝಕಾತ್ ಪಡೆಯುವ ಎಂಟು ವರ್ಗಗಳಲ್ಲಿ ಸೇರಿದ್ದಾರೆ, ನಿಮ್ಮ ಝಕಾತ್‌ನ ಲೆಕ್ಕ ಹಾಕುವಾಗ ಅವರನ್ನೂ ನೆನೆಯಿರಿ. ಕೆಲಸಕ್ಕೆ ಅನುಮತಿಯಿಲ್ಲದ ವೀಸಾದಲ್ಲಿ, ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾಗುವ ಈ ಊರಿನಲ್ಲಿ, ದಿನವಿಡೀ ಒಂಟಿಯಾಗಿರುವ ಸಹೋದರಿಯರ ಎದೆಯೂ ನಡುಗುತ್ತದೆ. ಗಂಡಂದಿರೇ, ಖದೀಜಾರ(ರ) ಪಾಠ ನಿಮಗೂ ಇದೆ. ಆಕೆ ಹೇಳುವಾಗ ಫೋನು ಕೆಳಗಿಡಿ.

ನಮಗೆ ಹೊದಿಕೆಯನ್ನು ಕೇಳುವ ಧೈರ್ಯವೂ ಬೇಕು, ಇನ್ನೊಬ್ಬರಿಗೆ ಹೊದಿಸುವ ಮನಸ್ಸೂ ಬೇಕು. ಈ ತಿಂಗಳು ಎರಡನ್ನೂ ಕಲಿಯೋಣ. ಇಂದು ಇಫ್ತಾರ್ ಆದ ಮೇಲೆ, ನಂಬಿಕೆಯ ಒಬ್ಬರ ಬಳಿ ಹೋಗಿ, ನಿಮಗಾಗುತ್ತಿರುವುದನ್ನು ಒಂದೇ ಒಂದು ವಾಕ್ಯದಲ್ಲಿ ಹೇಳಿ. ಅಷ್ಟರಿಂದ ಆರಂಭವಾಗಲಿ.

ಯಾ ಅಲ್ಲಾಹ್, ನಮ್ಮ ಎದೆಗಳನ್ನು ತೆರೆದುಕೊಡು. ಭಯದಲ್ಲಿರುವವರಿಗೆ ಅಭಯ ನೀಡು. ಕೆಲಸ ಕಳೆದುಕೊಂಡವರಿಗೆ ಹಲಾಲಾದ ಜೀವನಾಧಾರದ ಬಾಗಿಲು ತೆರೆ, ಸಾಲದಲ್ಲಿರುವವರ ಭಾರ ಇಳಿಸು. ನಿದ್ರೆಯಿಲ್ಲದವರಿಗೆ ನಿದ್ರೆ ಕೊಡು, ರೋಗಿಗಳಿಗೆ ಶಿಫಾ ಕೊಡು, ಚಿಕಿತ್ಸೆ ಮಾಡುವವರ ಕೈಗೆ ಬರಕತ್ ಕೊಡು. ಊರಿನಲ್ಲಿ ನಮ್ಮ ಫೋನಿಗಾಗಿ ಕಾದಿರುವ ತಂದೆತಾಯಿಯರನ್ನು ಕಾಪಾಡು. ನಮ್ಮ ಉಪವಾಸಗಳನ್ನು ಸ್ವೀಕರಿಸು.

ಆಮೀನ್, ಯಾ ರಬ್ಬಲ್ ಆಲಮೀನ್.